ನೂರಹನ್ನೆರಡನೇ ಬಟನ್

ಡ್ರೈವಿಂಗ್ ಮೇಷ್ಟ್ರು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

"ಬಟನ್ ಒತ್ತಿದ್ರೆ ಮಾತೇ ಬರ್ತಿಲ್ಲ ಕಣೋ."

"ಯಾವ ಬಟನ್?"

"ಎಲ್ಲಾನೂ."

ಅಕ್ಕ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವವಳು. ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾದವರಿಂದ, ಆಪರೇಷನ್ನಿಗೆ ಮೊದಲೇ ಬೇಕಾದ ಮಾತುಗಳನ್ನೆಲ್ಲ ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿಸುತ್ತಾಳೆ. ಆಮೇಲೆ ಟ್ಯಾಬ್ಲೆಟ್ಟಿನಲ್ಲಿ ಬಟನ್ ಒತ್ತಿದರೆ ಆ ದನಿ ಮಾತಾಡುತ್ತದೆ. ಆ ವೆಬ್ ಅಪ್ಲಿಕೇಶನ್ನನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವನು ನಾನು. ಅದು ಓಡುವುದು ಕ್ಲೌಡಿನಲ್ಲಿ, ಅಂದರೆ ಎಲ್ಲೋ ಇರುವ ಬಾಡಿಗೆ ಕಂಪ್ಯೂಟರಿನಲ್ಲಿ. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮೇಷ್ಟ್ರೇ ಅದರ ಮೊದಲ ನಿಜವಾದ ಬಳಕೆದಾರರು. ಮೂವತ್ತು ವರ್ಷ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬೈದವರು. ಆಪರೇಷನ್ನಿನ ಹಿಂದಿನ ವಾರ ಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬರೇ ಕೂತು, ಒಂದೊಂದೇ ವಾಕ್ಯ ಟೈಪ್ ಮಾಡಿ, ಓದಿ, ನೂರಹನ್ನೆರಡು ಬಟನ್ ತುಂಬಿಸಿದ್ದರು.

"ನನ್ನ ಹತ್ರ ಸರಿಯಾಗೇ ಇದೆಯಲ್ಲ," ಎಂದೆ. ನಮ್ಮ ಕಸುಬಿನವರು ಹಲ್ಲುಜ್ಜುವ ಮೊದಲೇ ಹೇಳುವ ಮಾತಿದು. ಹೊಸ ಬಟನ್ನಿಗೆ "ಹಲೋ ಹಲೋ" ಎಂದು ತುಂಬಿಸಿ ಒತ್ತಿದೆ. ಮಾತಾಡಿತು.

"ಅದು ನೀನು ಈಗ ಹೇಳಿದ್ದು," ಅಂದಳು ಅಕ್ಕ. "ಅವರು ಆವತ್ತು ಹೇಳಿದ್ದು ಎಲ್ಲಿ?"

ಆಸ್ಪತ್ರೆಯಲ್ಲಿ ಸ್ಲೇಟಿನಲ್ಲೇ ಸುಧಾರಿಸಿದ್ದ ಮೇಷ್ಟ್ರು ಟ್ಯಾಬ್ಲೆಟ್ ಮುಟ್ಟಿದ್ದು ಇವತ್ತೇ ಮೊದಲು. ಸರ್ವರ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಲಾಗ್ ತೆರೆದೆ. ಬೆಳಿಗ್ಗೆಯಿಂದ ನಲವತ್ತಾರು ಸಲ ಒಂದೇ ದೂರು: ಫೈಲ್ ಸಿಗಲಿಲ್ಲ. ಮೇಷ್ಟ್ರು ಮೊದಲನೇ ಬಟನ್ ಒಂದನ್ನೇ ಒಂಬತ್ತು ಸಲ ಒತ್ತಿದ್ದರು. ಅದರ ಮಾತು, "ದಿಂಬು ಎತ್ತರಿಸು."

ಫೋಲ್ಡರಿನ ಅನುಮತಿ ಸರಿಯಿಲ್ಲವೇನೋ ಎಂದುಕೊಂಡೆ. ಸರಿಯಿತ್ತು. ಫೈಲಿನ ವಿಳಾಸ ತಪ್ಪಿರಬಹುದೆಂದು ಒಂದು ಗಂಟೆ ಕೋಡಿನಲ್ಲಿ ತಡಕಾಡಿದೆ. ಅದೂ ಸರಿಯಿತ್ತು. ಕೊನೆಗೆ ಫೋಲ್ಡರಿನೊಳಗೇ ಇಣುಕಿದರೆ ಒಂದೇ ಒಂದು ಫೈಲ್ ಇತ್ತು, ನನ್ನ ಹಲೋ ಹಲೋ.

ಆಪರೇಷನ್ನಿನ ಮರುದಿನ ನಾನು ಬಟನ್ನುಗಳ ಬಣ್ಣವನ್ನು ಬೂದಿಯಿಂದ ನೀಲಿಗೆ ಬದಲಾಯಿಸಿ ಹೊಸ ಆವೃತ್ತಿ ಏರಿಸಿದ್ದೆ. ಹೊಸತು ಬಂದಾಗಲೆಲ್ಲ ಈ ಕ್ಲೌಡ್ ಹಳೆಯ ಯಂತ್ರವನ್ನು ಎಸೆದು ಬೇರೊಂದನ್ನು ಶುರುಮಾಡುತ್ತದೆ. ಹಳೆಯದರ ಡಿಸ್ಕಿನಲ್ಲಿ ಇದ್ದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಬರೆದ ವಾಕ್ಯಗಳು ಬೇರೆ ಡೇಟಾಬೇಸಿನಲ್ಲಿದ್ದು ಉಳಿದಿದ್ದವು. ದನಿಯನ್ನು ಮಾತ್ರ ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಇಡುವ ಹಾಗೆ ಮಾಮೂಲಿ ಫೋಲ್ಡರಿನಲ್ಲಿ ಇಟ್ಟಿದ್ದೆ. ಲ್ಯಾಪ್‌ಟಾಪಿನಲ್ಲಿ ಫೋಲ್ಡರು ಎಲ್ಲೂ ಹೋಗುವುದಿಲ್ಲ. ಇಲ್ಲಿ ಹೋಗುತ್ತದೆ ಎಂದು ಕ್ಲೌಡ್ ಕಂಪನಿಯ ಸೂಚನೆಗಳ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ಓದಿರಲಿಲ್ಲ. ಸಹಾಯವಾಣಿಗೆ ಬರೆದೆ. ವಾಪಸು ತರುವ ದಾರಿಯಿಲ್ಲ ಎಂದು ತುಂಬ ಮರ್ಯಾದೆಯಿಂದ ಉತ್ತರಿಸಿದರು.

"ಕಂಪನಿಯವರೇ ಕಳೆದ್ರು ಅಂತ ಹೇಳಿಬಿಡೋಣ್ವಾ?" ಅಕ್ಕ ಕೇಳಿದಳು.

ಹತ್ತು ನಿಮಿಷ ಆ ಉಪಾಯ ನನಗೂ ಹಿಡಿಸಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ದನಿಯನ್ನೆಲ್ಲ ಶಾಶ್ವತ ಸಂಗ್ರಹಕ್ಕೆ ಕಳಿಸುವಂತೆ ಕೋಡ್ ತಿದ್ದಿ, ಐದು ಸಲ ಸರ್ವರ್ ನಿಲ್ಲಿಸಿ ಶುರುಮಾಡಿ ನೋಡಿದೆ. ನನ್ನ ಹಲೋ ಹಲೋ ಐದು ಸಲವೂ ಬದುಕಿತು. ಅದನ್ನು ಕೇಳಿ ನನಗೇ ರೇಗಿತು.

ಮಧ್ಯಾಹ್ನ ಅಕ್ಕನ ಜೊತೆ ಮೇಷ್ಟ್ರ ಮನೆಗೆ ಹೋದೆ. ಅವರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಕೊರಳಿಗೆ ತೆಳು ಬಟ್ಟೆ, ತೊಡೆಯ ಮೇಲೆ ಸ್ಲೇಟು. ನಡೆದದ್ದನ್ನು ಹೇಳಿದೆ, ನೀಲಿ ಬಣ್ಣದ ಸಮೇತ.

"ಬಣ್ಣಕ್ಕಾ?" ಎಂದು ಬರೆದರು.

"ಹೌದು ಸರ್."

ಡಿವೈಡರ್ ಮೇಲೆ ಕಾರು ಹತ್ತಿಸಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಬೈಯಲು ಬಾಯಿ ತೆರೆದರು, ಮುಚ್ಚಿದರು. ಅರ್ಧ ಗಂಟೆ ಬೈಸಿಕೊಂಡಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅವರ ಹೆಂಡತಿ ಟ್ಯಾಬ್ಲೆಟ್ ಎತ್ತಿಕೊಂಡರು. "ಬರೆದಿದ್ದೆಲ್ಲ ಇದೆ ತಾನೆ? ನಾನೇ ಓದ್ತೀನಿ, ನನ್ನ ದನೀನೇ ತುಂಬಿಸಿ." ಶುರುಮಾಡಿಯೇಬಿಟ್ಟರು. "ಸ್ವಲ್ಪ ದಿಂಬು ಎತ್ತರಿಸು. ಸ್ವಲ್ಪ ಬಾಗಿಲು ಹಾಕು."

ಮೇಷ್ಟ್ರು ಸ್ಲೇಟು ಎತ್ತಿದರು: "ನಾನು ಸ್ವಲ್ಪ ಅನ್ನಲ್ಲ."

"ಇನ್ಮೇಲೆ ಅಂತೀರಿ," ಎಂದು ಆಕೆ ಮುಂದಿನದಕ್ಕೆ ಹೋದರು. ಅಕ್ಕ ಮುಖ ತಿರುಗಿಸಿಕೊಂಡು ನಕ್ಕಳು.

ಕೊನೆಯ ಬಟನ್ನಿಗೆ ಬಂದಾಗ ಆಕೆ ನಿಂತರು. ಪರದೆಯನ್ನು ನನ್ನತ್ತ ತಿರುಗಿಸಿದರು. ಮೇಷ್ಟ್ರು ಅಲ್ಲಿ ಬರೆದಿದ್ದ ಮಾತು: "ನಲವತ್ತು ವರ್ಷ ನಿನ್ನ ಮೇಲೆ ರೇಗಾಡಿದೀನಿ. ತಪ್ಪಾಯ್ತು."

"ಇದನ್ನ ನೀವು ಕೇಳಿದ್ರಾ? ಹೇಗೆ ಹೇಳಿದ್ರು? ಗಟ್ಟಿಯಾಗಾ, ಮೆಲ್ಲಗಾ?" ಎಂದು ಆಕೆ ಕೇಳಿದರು.

ಮೆಲ್ಲಗೆ ಎಂದುಬಿಡಬಹುದಿತ್ತು. ಅಕ್ಕನೂ ಹಾಗೆನ್ನು ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

"ಕೇಳಿಲ್ಲ ಅಮ್ಮ. ಯಾರೂ ಕೇಳಿಲ್ಲ."

ಆಕೆ ಆ ಬಟನ್ನಿಗೆ ತಮ್ಮ ದನಿ ತುಂಬಿಸಲಿಲ್ಲ. ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟು ಗಂಡನ ಕಡೆ ತಿರುಗಿದರು. "ಅಲ್ಲಾ ರೀ, ಇಷ್ಟು ವರ್ಷ ಬಾಯಿತ್ತಲ್ಲ."

ಮೇಷ್ಟ್ರು ಸ್ಲೇಟಿಗೆ ಕೈಹಾಕಿದರು. ಏನೂ ಬರೆಯದೆ ಅದನ್ನು ಪಕ್ಕಕ್ಕಿಟ್ಟರು. ತುಟಿಗಳು ನಿಧಾನವಾಗಿ, ಒಂದೊಂದೇ ಮಾತಿಗೆ ಅಲುಗಾಡಿದವು. ಕೊರಳಿನ ಬಟ್ಟೆಯ ಹಿಂದೆ ಉಸಿರು ಸುಯ್ಯೆಂದದ್ದು ಬಿಟ್ಟರೆ ಸದ್ದಿಲ್ಲ.

"ತಾಳಿ," ಎಂದು ಆಕೆ ಎದ್ದರು. "ಇದು ಓದೋ ಕನ್ನಡಕ. ದೂರದ್ದು ಹಾಕ್ಕೊಂಡು ಬರ್ತೀನಿ, ಇನ್ನೊಂದು ಸಲ ಹೇಳಿ."

ಮೇಷ್ಟ್ರು ಬಾಯಿ ಮುಚ್ಚಿಕೊಂಡು, ಆಕೆ ಹೋದ ಬಾಗಿಲನ್ನೇ ನೋಡುತ್ತ ಕೂತರು.