ಖೋ ಸಿಗದೆ ಎದ್ದವಳು

ಗಂಟಲೊಂದೇ ಮೇಘಶ್ರೀಗೆ ಚಿಂತೆ. ಕಾಲೇನೋ ಚಿಗರೆಯವು, ಆದರೆ ಕೂತವಳ ಬೆನ್ನು ಮುಟ್ಟಿ "ಖೋ" ಅಂದರೆ ಆ ಬೆನ್ನಿಗೂ ಕೇಳಿಸುತ್ತಿರಲಿಲ್ಲ. "ಖೋ ಕೊಡ್ತೀಯೇನೇ, ಉಸ್ರು ಬಿಡ್ತೀಯೇನೇ?" ಎಂದು ಕೋಚ್ ಮಲ್ಲೇಶ್ ಇಡೀ ಮೈದಾನವನ್ನು ನಗಿಸುತ್ತಿದ್ದರು. ಇವತ್ತು ಈ ದರಿದ್ರ ಗಂಟಲು ಕಮಿಟಿಯ ಮುಂದೆ ಏನು ಮಾಡೀತೋ ಎಂದು ಬೆಳಿಗ್ಗೆಯಿಂದ ಎಂಜಲು ನುಂಗುತ್ತಿದ್ದಳು.

ಕಾಲೇಜಿನ ಖೋ ಖೋ ತಂಡದ ಕ್ಯಾಪ್ಟನ್, ಬಾಗೂರಿನ ಆಶಾರಾಣಿ, ಕ್ರೀಡಾ ಕೊಠಡಿಯಲ್ಲಿ 'ಜಾರಿ ಬಿದ್ದು' ಊರು ಸೇರಿದ್ದಳು. ಜಾರಿ ಬಿದ್ದವಳ ಕುತ್ತಿಗೆಯಲ್ಲಿ ಬೆರಳಿನ ಗುರುತು ಹೇಗೆ ಮೂಡಿತೆಂದು ಕೇಳಲು ಬಂದ ಅಪ್ಪ ಚಿಕ್ಕತಿಮ್ಮಪ್ಪನಿಗೆ ಕಾಲೇಜಿನವರು ಕಾಫಿ ಕೊಟ್ಟರು, ಠಾಣೆಯವರು ಬೈಗುಳ ಕೊಟ್ಟರು. ಅವನು ಬಿಡದೆ ವಿಶ್ವವಿದ್ಯಾಲಯಕ್ಕೆ ಅಲೆದ. ಅದಕ್ಕೇ ಇವತ್ತು ಅಲ್ಲಿಂದ ಈ ಕ್ರೀಡಾ ಕಮಿಟಿ ಬಂದದ್ದು. ಅಪರಾಧ ಮುಚ್ಚಿಟ್ಟದ್ದು ನಿಜವಾದರೆ ಕಾಲೇಜಿನ ತಂಡ ಮೂರು ವರ್ಷ ಅಂಗಳಕ್ಕಿಳಿಯುವಂತಿಲ್ಲ.

ಅಂದಿನಿಂದ ಕಾಲೇಜಿನ ಕಾರ್ಯದರ್ಶಿ ಗಂಗಾಧರಪ್ಪನವರಿಗೆ ಬಡ ಹುಡುಗಿಯರ ಭವಿಷ್ಯದ ಚಿಂತೆ ಹತ್ತಿಕೊಂಡಿತು. ಬರಿಗಾಲಲ್ಲಿ ಆಡಿಸಿದಾಗ ಈ ಭವಿಷ್ಯ ಎಲ್ಲಿ ಅಡಗಿತ್ತೋ! ಈಗ ಎಲ್ಲರಿಗೂ ಹೊಸ ಶೂ ಬಂದವು. ಕಾಲಳತೆ ಕೇಳುವಷ್ಟು ಪುರುಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

"ಏ ಈರಿ," ಎಂದು ಅವರು ಮೇಘಶ್ರೀಯ ಅವ್ವನನ್ನು ಕರೆದರು. ಈರಕ್ಕ ಅಲ್ಲಿ ಕಸ ಗುಡಿಸುವವಳು. ಅಂದು ಆಶಾಳ ಕೂಗು ಕೇಳಿ ಬಾಗಿಲು ಬಡಿದು ತೆರೆಸಿದವಳು ಅವಳೇ. ಪಕ್ಕದಲ್ಲಿ ಮಗಳೂ ಇದ್ದಳು. ಬಾಯಿ ಬಿಟ್ಟರೆ ಕೆಲಸ ಹೋಯಿತೆಂದು ಅಂದೇ ತಾಕೀತಾಗಿತ್ತು.

"ಕಮಿಟಿ ಸಾಹೇಬ್ರು ಊಟಕ್ಕೆ ಕೂರ್ತಾರೆ, ಆ ಕಡೆ ಸುಳೀಬ್ಯಾಡ. ಮೈಲಿಗೆ ಅಂತಲ್ಲವ್ವಾ, ಈ ಕಾಲ್ದಾಗೆ ಅದ್ನೆಲ್ಲ ಯಾರು ನೋಡ್ತಾರೆ? ಹೋಳಿಗೆ ಮಿಕ್ಕಿದ್ರೆ ಹಿಂದ್ಲಬಾಗ್ಲಿಗೆ ಕಳಿಸ್ತೀನಿ. ಮಗ್ಳಿಗೆ ಬುದ್ಧಿ ಹೇಳು."

"ಹೂಂ ಸ್ವಾಮಿ," ಅಂದ ಈರಕ್ಕ, ಅವರು ಬೆನ್ನು ತಿರುಗಿಸಿದ್ದೇ ಗೊಣಗಿದಳು, "ನಿನ್ನ ತಿಥಿಗಿಟ್ಕಳಲೇ ಹೋಳ್ಗೇನ, ಮುಂಡೇಮಗ್ನೆ."

ಆಟಗಾರ್ತಿ ಉಷಾ ಓಡಿಬಂದು ಮೇಘಶ್ರೀಯ ಕೈ ಹಿಡಿದಳು. "ಲೇ ಮೇಘಾ, ನಿನ್ ಕಾಲಿಗೆ ಬೀಳ್ತೀನಿ, ಸುಮ್ನಿರು. ಈ ವರ್ಷ ಆಡಿದ್ರೆ ನಂಗೂ ನಿಂಗೂ ಪೊಲೀಸ್ ಕೋಟಾದಾಗೆ ಕೆಲ್ಸ ಐತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗ್ಯಾಕೆ ಬರೆ?"

ಮೇಘಶ್ರೀಯೂ ಪದವಿ ಮುಗಿಸಿ ಎಂ.ಎ.ಗೆ ಸೇರಿದ್ದೇ ಇನ್ನೊಂದು ವರ್ಷ ಆಡಬಹುದೆಂದು, ಆ ಕೆಲಸದ ಆಸೆಗೆ. ಈರಕ್ಕ ಗುಡಿಸುತ್ತಲೇ ಕೇಳಿದಳು:

"ಮುಂದ್ಲೊರ್ಸ ಜಾರಿ ಬೀಳೋ ಹುಡ್ಗಿ ಯಾರಮ್ಮ ಉಷಾ?"

ಉಷಾ ಕೈ ಬಿಟ್ಟಳು.

ಹೋಳಿಗೆ ಊಟ ಮುಗಿಸಿ ಕಮಿಟಿ ವಿಚಾರಣೆಗೆ ಕೂತಿತು. ಕೋಚ್ ಮಲ್ಲೇಶ್ ಸಾರ್‌ಗೆ ಪಾಪ, ಹುಷಾರಿಲ್ಲ, ಸಂಬಳದ ರಜೆ. ಹುಡುಗಿಯರು ಎರಡು ಸಾಲು ಬೆಂಚಿನ ಮೇಲೆ ಕೂತರು.

"ಹೆದರಬೇಡಿ ಮಕ್ಕಳೇ, ಮುಕ್ತವಾಗಿ ಹೇಳಿ," ಎಂದರು ಅಧ್ಯಕ್ಷರು. ಹೆದರಬಾರದೆಂದೇ ಗಂಗಾಧರಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. "ಒಬ್ಬನ ತಪ್ಪಿಗೆ ಕ್ರೀಡೆಯನ್ನೇ ಶಿಕ್ಷಿಸೋದು ನ್ಯಾಯವೇ? ಕಾಲೇಜು ಏನಾದರೂ ಮುಚ್ಚಿಟ್ಟಿದೆಯೇ?"

ಹುಡುಗಿಯರು ತಮ್ಮ ಹೊಸ ಶೂ ನೋಡುತ್ತ ಕೂತರು. ಆಟದಲ್ಲಿ ಕೂತವಳು ಬೆನ್ನಿಗೆ ಕೈ ಬಿದ್ದು ಖೋ ಸಿಗುವ ತನಕ ಏಳುವಂತಿಲ್ಲ, ಎದ್ದರೆ ಫೌಲ್. ಮೇಘಶ್ರೀ ಕಾದಳು. ಹಿಂದೆ ಕೂತ ಉಷಾಳ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಕೈ ಬರಲಿಲ್ಲ.

"ನೋಡಿದ್ರಾ ಸರ್, ಏನೂ ಇಲ್ಲ," ಎನ್ನುತ್ತ ಗಂಗಾಧರಪ್ಪ ಸನ್ಮಾನದ ಶಾಲು ಬಿಚ್ಚತೊಡಗಿದರು.

ಅವಳು ಎದ್ದಳು. ಅಳತೆ ಮೀರಿದ ಶೂ ಒಂದು ಕಾಲಿನಿಂದ ಕಳಚಿ ಬೆಂಚಿನಡಿಯೇ ಉಳಿಯಿತು.

"ಏನಮ್ಮಾ? ಗಟ್ಟಿಯಾಗಿ ಹೇಳು, ಕೇಳಿಸ್ತಿಲ್ಲ," ಎಂದರು ಅಧ್ಯಕ್ಷರು.

ಕಿಟಕಿಯಾಚೆ ಪೊರಕೆಯ ಸದ್ದು ನಿಂತಿತು.

"ಆಶಾ ಜಾರಿ ಬೀಳ್ಲಿಲ್ಲ ಸಾರ್! ಮಲ್ಲೇಶ್ ಸಾರು ಬಾಗ್ಲು ಹಾಕ್ಕಂಡು ಕೆಡವಿದ್ರು. ಬಾಗ್ಲು ತೆಗ್ಸಿದ್ದು ನಮ್ಮವ್ವ. ನಮ್ ಬಾಯಿ ಮುಚ್ಸಿದ್ದು, ನಿಮ್ಗೆ ಶಾಲು ಹೊದಿಸ್ತಾ ಅವ್ರಲ್ಲ, ಇವ್ರು. ನಿಲ್ಸ್ರಿ ಸಾರ್, ಮೂರು ವರ್ಸ ನಮ್ ಟೀಮ್ ನಿಲ್ಸ್ರಿ!"