ಎರಡನೆಯ ಸಹಿ

ದಸ್ತಾವೇಜು ಬರೆಯುವುದರಲ್ಲಿ ಮೂವತ್ತೊಂದು ವರ್ಷ ಪಳಗಿದ್ದ ವಕೀಲೆ, ಸ್ಮಾರ್ಟ್ ಕಾಂಟ್ರಾಕ್ಟಿನ ಮೊದಲ ಪಾಠವನ್ನು ತಮ್ಮನ ಮಗಳಿಂದ ಕಲಿತರು. ಷರತ್ತನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಅದು ತಾನಾಗಿ ಜಾರಿಯಾಗುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ ಎಂಬಷ್ಟು ತಿಳಿದೊಡನೆ ಒಂದನ್ನು ಬರೆಸಿಯೇ ಬಿಟ್ಟರು. ತಂದೆ ತೆಗೆದ ನಾನೂರ ಹನ್ನೆರಡು ಛಾಯಾಚಿತ್ರಗಳು ಅದರ ಬೀಗದೊಳಗೆ ಸೇರಿದವು. ಅವಕ್ಕೆ ಬೇರೆ ಪ್ರತಿ ಇರಲಿಲ್ಲ. ಅಕ್ಕ, ತಮ್ಮ ಇಬ್ಬರೂ ಸಹಿ ಒತ್ತಿದರೆ ಮಾತ್ರ ಬೀಗ ತೆರೆಯಬೇಕೆಂಬುದು ಷರತ್ತು. ತನ್ನ ಸಹಿಯ ಗುಪ್ತಪದಗಳನ್ನು ತಮ್ಮ ಯಾರಿಗೂ ಹೇಳಲಿಲ್ಲ, ಹೇಳಬಾರದೆಂಬುದೇ ಪಾಠವಾಗಿತ್ತು.

ನಾಲ್ಕು ತಿಂಗಳ ಬಳಿಕ ಅವನು ತೀರಿಕೊಂಡ. ವಸ್ತುಸಂಗ್ರಹಾಲಯದವರು ಪ್ರದರ್ಶನಕ್ಕೆ ಚಿತ್ರಗಳನ್ನು ಕೇಳಿದಾಗ, ವಕೀಲೆ ನಿಶ್ಚಿಂತೆಯಿಂದ ತಾವು ಸಹಿ ಒತ್ತಿ, ತಮ್ಮನ ಮಗಳತ್ತ ತಿರುಗಿದರು.

“ನಿಮ್ಮಪ್ಪನ ಜಾಗದಲ್ಲಿ ಈಗ ನೀನು ಒತ್ತು.”

“ಆಗಲ್ಲ ಅತ್ತೆ. ಅಪ್ಪನೇ ಒತ್ತಬೇಕು.”

“ನೀನು ಅವನ ವಾರಸುದಾರಳು ಕಣೇ.”

“ನೀವು ಹಾಗಂತ ಬರೆಸಲಿಲ್ಲವಲ್ಲ.”

“ಅದನ್ನೂ ಬರೆಸಬೇಕಾ? ಸತ್ತವರು ಸಹಿ ಹಾಕಲ್ಲ ಅಂತ ಎಂಥ ಪೆದ್ದನಿಗೂ ಗೊತ್ತಿರುತ್ತೆ.”

“ಇದಕ್ಕೆ ಗೊತ್ತಿಲ್ಲ ಅತ್ತೆ. ಅಪ್ಪ ಹೋದರು ಅಂತ ಇದಕ್ಕೆ ಹೇಳೋಕೆ ನಾವು ದಾರೀನೇ ಇಟ್ಟಿಲ್ಲ.”

ವಕೀಲೆಯ ಕಚೇರಿಯಿಂದ ಹೊರಟ ಪ್ರತಿಯೊಂದು ಪತ್ರದಲ್ಲೂ ‘ಮತ್ತು ಅವರ ವಾರಸುದಾರರು’ ಎಂಬ ಮಾತಿರುತ್ತಿತ್ತು. ಅದನ್ನು ಸೇರಿಸುತ್ತಿದ್ದವನು ಗುಮಾಸ್ತ. ಅವರು ಓದುತ್ತಲೂ ಇರಲಿಲ್ಲ. ಈ ಪತ್ರವೊಂದನ್ನು ಅವರು ಗುಮಾಸ್ತನಿಗೆ ತೋರಿಸಿರಲಿಲ್ಲ.

ಪರದೆಯ ಮೇಲೆ ಎರಡು ಸಾಲು ಮೂಡಿದವು. ಒಂದು ಸಹಿ ಬಂದಿದೆ. ಇನ್ನೊಂದಕ್ಕೆ ಕಾಯಲಾಗುತ್ತಿದೆ.