ಮೇಣ ತುಂಬಿದ ಪಾದ

“ಏಯ್ ಮುಂಡೇದೇ, ನಿಲ್ಲು ಅಲ್ಲೇ. ಈಗ ತಾನೇ ನೆಲ ಒರೆಸಿದೀನಿ. ನಿಮ್ಮಪ್ಪನ ಮನೆ ಹಟ್ಟಿ ಅಂದ್ಕೊಂಡ್ಯಾ?”

ಪಾದದ ಆಸ್ಪತ್ರೆಯ ಕಾಂಪೌಂಡರ್ ಬಾಗಿಲಿಗೆ ಅಡ್ಡ ನಿಂತಿದ್ದ. ಪಾದ ನೋಡುವ ಆಸ್ಪತ್ರೆಯಂತೆ, ಒಳಗೆ ಪಾದ ಊರಬಾರದಂತೆ! ಆ ಭಾಗ್ಯಕ್ಕೆ ಇಷ್ಟಗಲದ ಬೋರ್ಡು ಬೇರೆ ಕೇಡು. ಕೊನೆಗೆ ಅವನೇ ಹಳೇ ಪೇಪರ್ ಹಾಸಿ, ಇದರ ಮೇಲೇ ನಡೆದು ಬಾ ಎಂದ. ತುಳಿಯೋ ಅಕ್ಕ ಹಾಗೇ ನಡೆದಳು. ಇಟ್ಟಿಗೆ ಭಟ್ಟಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ ಮಣ್ಣು ತುಳಿಯಲು ಗುಂಡಿಗೆ ಇಳಿದವಳು, ಮೊಮ್ಮಗಳು ಹುಟ್ಟಿದರೂ ಇನ್ನೂ ಮೇಲೆ ಹತ್ತಿರಲಿಲ್ಲ.

ಎಡ ಅಂಗಾಲಿಗೆ ಗಾಜು ಚುಚ್ಚಿ ಆದ ಹುಣ್ಣು ಮಾಯುತ್ತಿರಲಿಲ್ಲ. ನೋವಿದ್ದಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ, ನೋವೇ ಇರಲಿಲ್ಲ. ಓರಗಿತ್ತಿಗೂ ಮೊದಲು ಹೀಗೇ ಆಗಿ, ಆಮೇಲೆ ಮಂಡಿಯ ತನಕ ಕಾಲು ಕತ್ತರಿಸಿದ್ದರು. ಗುಂಡಿ ಬಿಡಿಸಿ, ಇಟ್ಟಿಗೆ ಒಣಗಿಸುವ ಕಡೆ ಹಾಕಿ ಎಂದು ಭಟ್ಟಿಯ ಧಣಿಯ ಮುಂದೆ ಗೋಗರೆದಿದ್ದಳು. ಪಾದದ ಡಾಕ್ಟರ್ ಹೇಳಲಿ, ನೋಡೋಣ ಎಂದಿದ್ದ ಆ ಪುಣ್ಯಾತ್ಮ.

ಒಳಗೆ ಬಂದು ನೋಡಿದರೆ ಆ ಪುಣ್ಯಾತ್ಮನೇ ವಕ್ಕರಿಸಿದ್ದ. ಮೆತ್ತನೆಯ ಕುರ್ಚಿ, ಮಂಡಿಯ ತನಕ ಮಡಚಿದ ಪ್ಯಾಂಟು, ಎರಡೂ ಪಾದ ಬಿಸಿನೀರಿನ ಟಬ್ಬಿನಲ್ಲಿ. ಹುಟ್ಟಿದಾರಭ್ಯ ಮಣ್ಣು ಮುಟ್ಟದ ಅಂಗಾಲಿಗೆ ಆಣಿ ಆಗಿತ್ತಂತೆ. ನೆನೆಸಿ ಮೆತ್ತಗೆ ಮಾಡಿ ತೆಗೆಯುತ್ತಾರಂತೆ. ಆಸ್ಪತ್ರೆ ಕಟ್ಟಿಸಿಕೊಟ್ಟವನೂ ಅವನೇ. ಗೋಡೆಯ ಫೋಟೋದಲ್ಲೂ ಹಲ್ಲು ಕಿರಿಯುತ್ತಿದ್ದ.

ಡಾಕ್ಟರ್ ಕೂತಲ್ಲಿಂದ ಅಲುಗಲಿಲ್ಲ, ಕಾಲೆತ್ತು ಎಂದ. ಅವಳು ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತು ಅಂಗಾಲು ತೋರಿಸಿದಳು. ದೂರದಿಂದಲೇ ಟಾರ್ಚು ಬಿಟ್ಟ.

“ಚೆನ್ನಾಗೇ ಇದೆಯಲ್ಲ. ಒಂದು ಬಿರುಕೂ ಇಲ್ಲ, ನುಣ್ಣಗಿದೆ.”

ತುಳಿಯುವ ಹೆಂಗಸರು ನಾಲ್ಕು ಜನರೆದುರು ಹೋಗುವಾಗ ಪಾದ ಉಜ್ಜಿ, ಬಿರುಕಿಗೆಲ್ಲ ಮೇಣದಬತ್ತಿ ಕರಗಿಸಿ ತುಂಬಿ, ಮೇಣ ಕಾಣದಂತೆ ಮೇಲೆ ಇಟ್ಟಿಗೆ ಪುಡಿ ಸವರಿಕೊಳ್ಳುತ್ತಾರೆ. ಮದುವೆಗಾದರೂ ಅಷ್ಟೇ, ಸಾವಿಗಾದರೂ ಅಷ್ಟೇ. ಡಾಕ್ಟರ ಮುಂದೆ ಮಾನ ಹೋಗಬಾರದೆಂದು ಬೆಳಿಗ್ಗೆ ಅವಳು ಹುಣ್ಣಿಗೂ ತುಂಬಿದ್ದಳು. ಬಿಸಿ ಮೇಣ ಬಿದ್ದರೂ ಚುರ್ ಎಂದಿರಲಿಲ್ಲ. ಥೂ, ತನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

“ಅದು ಮೇಣ ಡಾಕ್ಟ್ರೇ. ಒಳಗೆ ಕೊಳೀತಿದೆ. ಒಂದ್ಸಲ ಮುಟ್ಟಿ ನೋಡಿ.”

ಮುಟ್ಟುವ ಮಾತಿಗೆ ಡಾಕ್ಟರ್ ಮೂಗು ಸಿಂಡರಿಸಿದ. ಧಣಿಗೆ ನಗು ಬಂತು.

“ಇವರ ಕಾಲಿಗೆ ಏನಾಗತ್ತೆ ಡಾಕ್ಟ್ರೇ? ಎಮ್ಮೆ ಗೊರಸು ಅದು. ಮೈಗಳ್ಳ ಮುಂಡೇವು, ದಿನಕ್ಕೊಂದು ನಾಟಕ. ಹೋಗೇ, ಗುಂಡಿ ಒಣಗ್ತಿದೆ.”

ಕಾಂಪೌಂಡರ್ ರಟ್ಟೆ ಹಿಡಿದು ಎಳೆದ. ಅವಳು ಕೊಡವಿಕೊಂಡಳು. ಗುಂಡಿಗೆ ಇಳಿಯುವಾಗ ಮಾಡುವಂತೆಯೇ ಉಟ್ಟದ್ದನ್ನು ಮೇಲೆತ್ತಿ ಸೊಂಟಕ್ಕೆ ಬಿಗಿದಳು. ಬಾಗಿಲ ಕಡೆ ಹೋಗಲಿಲ್ಲ. ನೇರ ಹೋಗಿ ಎಡಗಾಲನ್ನು ಧಣಿಯ ಟಬ್ಬಿಗೆ ಇಳಿಸಿದಳು.

ನೀರು ಹೊಯ್ದಾಡಿ ಒರೆಸಿದ ನೆಲಕ್ಕೆ ಚೆಲ್ಲಿತು. ಸ್ವಲ್ಪ ಹೊತ್ತಿಗೆ ಮೇಣ ಸಡಿಲಾಗಿ ಚೂರು ಚೂರೇ ತೇಲಿತು. ಅದರ ಹಿಂದೆಯೇ ಕೀವು ಬಂತು, ರಕ್ತ ಬಂತು. ನಾತಕ್ಕೆ ಕಾಂಪೌಂಡರ್ ಮೂಗು ಮುಚ್ಚಿಕೊಂಡ. ಧಣಿ ಕಾಲೆಳೆದುಕೊಳ್ಳಲು ಒದ್ದಾಡಿದ, ಆಗಲಿಲ್ಲ. ಅವನ ಪಾದದ ಮೇಲೆ ಅವಳ ಪಾದವಿತ್ತು. ಹಿಮ್ಮಡಿ ಮೊದಲು, ಆಮೇಲೆ ಬೆರಳು, ಮೈಭಾರವೆಲ್ಲ ಬಿಟ್ಟು. ಹಸಿಮಣ್ಣನ್ನು ತುಳಿಯುವುದೇ ಹಾಗೆ. ಅಡಿಯಲ್ಲಿ ಆಣಿ ಒತ್ತಿ ಧಣಿ ಅಮ್ಮಾ ಎಂದು ಅರಚಿದ.

“ನೋಯ್ತಿದೆಯಾ ಧಣಿ? ಪುಣ್ಯವಂತರು ನೀವು. ನನಗೇನೂ ಗೊತ್ತಾಗ್ತಿಲ್ಲ ನೋಡಿ.”

ಡಾಕ್ಟರ್ ಈಗ ಕುರ್ಚಿಯಿಂದ ಎದ್ದಿದ್ದ. ಅವಳು ಇನ್ನೊಂದು ಸಲ ತುಳಿದಳು.